ವಿಕರ್ಸ್ ಗನ್ನಿನ ಹಿಂದೆ ಕೂತವರು: ಮೊದಲ ಮಹಾಯುದ್ಧದ ಬ್ರಿಟಿಷ್ ಮಷಿನ್ ಗನ್ ಪಡೆ ಬಗ್ಗೆ

ತೇಮ್ಸ್ ದಂಡೆ

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಲಂಡನ್‌ಗೆ ಬಂದಿದ್ದಾರೆ. ಹೋದ ಭಾನುವಾರ ಹೈಡ್ ಪಾರ್ಕ್ ಕಾರ್ನರ್ ಹತ್ತಿರ ಸುತ್ತಾಡುತ್ತಿದ್ದೆವು. ಅಲ್ಲಿ ಒಂದು ಕಂಚಿನ ಪ್ರತಿಮೆ ಇದೆ. ಬೆತ್ತಲೆ ಹುಡುಗ, ಕೈಯಲ್ಲಿ ಅವನ ಅಳತೆಗೆ ಮೀರಿದ ದೊಡ್ಡ ಕತ್ತಿ. ಅಪ್ಪ ಮೊದಲು ಯಾವುದೋ ಗ್ರೀಕ್ ದೇವರು ಅಂದುಕೊಂಡರು. ಹತ್ತಿರ ಹೋದರೆ ಎರಡೂ ಪಕ್ಕ ಒಂದೊಂದು ಮಷಿನ್ ಗನ್, ಅವೂ ಕಂಚಿನವು, ಮೇಲೆ ಎಲೆಯ ಹಾರ ಸುತ್ತಿದ್ದಾರೆ. ಓದಿದರೆ ಮಷಿನ್ ಗನ್ ಕೋರ್ ಅನ್ನುವ ಪಡೆಯ ಸ್ಮಾರಕ. ಹುಡುಗ ಬೈಬಲ್ಲಿನ ದಾವೀದ. ಕೆಳಗೆ ಬರೆದಿರುವುದರ ಅರ್ಥ: ಸೌಲ ಸಾವಿರಗಟ್ಟಲೆ ಕೊಂದ, ದಾವೀದ ಹತ್ತು ಸಾವಿರಗಟ್ಟಲೆ ಕೊಂದ.

ಅಪ್ಪ ಅಲ್ಲೇ ನಿಂತು ಕೇಳಿದರು: "ಒಂದು ಗನ್ನಿಗೋಸ್ಕರ ಬೇರೆ ಪಡೆ ಯಾಕೆ ಬೇಕಿತ್ತು ಮಗಳೇ? ಟ್ರಿಗರ್ ಒತ್ತಿದರೆ ಆಯ್ತಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಅವರು ವಾಪಸ್ ಹೋಗೋದರೊಳಗೆ ಸರಿಯಾಗಿ ಹೇಳಬೇಕು ಅಂತ ಆಸೆ. ಇವರಿಗೆ ಏನು ಕಲಿಸುತ್ತಿದ್ದರು, ಎಷ್ಟು ಜನ ಸೇರಿ ಒಂದು ಗನ್ ನಡೆಸುತ್ತಿದ್ದರು, ದಯವಿಟ್ಟು ಗೊತ್ತಿದ್ದವರು ತಿಳಿಸಿ.

ಹಳೇ ಕಾಗದ

ನಿಮ್ಮ ತಂದೆಯವರು ಕೇಳಿದ್ದು ಸರಿಯಾದ ಪ್ರಶ್ನೆ. 1914ಕ್ಕೆ ಮುಂಚೆ ಬ್ರಿಟಿಷ್ ಸೇನೆಯ ಎಷ್ಟೋ ದೊಡ್ಡ ಅಧಿಕಾರಿಗಳೂ ಹಾಗೇ ಅಂದುಕೊಂಡಿದ್ದರು.

ಯುದ್ಧ ಶುರುವಾದಾಗ ಸುಮಾರು 1,000 ಜನರ ಒಂದು ಕಾಲಾಳು ಬೆಟಾಲಿಯನ್‌ಗೆ ಇದ್ದದ್ದು ಬರೀ 2 ಮಷಿನ್ ಗನ್. ಹೈತ್ ಎಂಬ ಊರಿನಲ್ಲಿ ಸೇನೆಯ ಬಂದೂಕು ತರಬೇತಿ ಶಾಲೆ ಇತ್ತು. ಅಲ್ಲಿನ ಮುಖ್ಯ ಬೋಧಕರಾಗಿದ್ದ ಮೇಜರ್ ಮೆಕ್‌ಮಹೊನ್ ಯುದ್ಧಕ್ಕೆ ಐದು ವರ್ಷ ಮುಂಚೆಯೇ ಬೆಟಾಲಿಯನ್‌ಗೆ 6 ಗನ್ ಬೇಕು ಅಂತ ವಾದಿಸಿದ್ದರು. ದುಡ್ಡಿಲ್ಲ ಅಂತ ಒಪ್ಪಲಿಲ್ಲ. ಗನ್ ಕೊಡದಿದ್ದರೆ ಇರುವ ರೈಫಲ್ಲನ್ನೇ ಜೋರಾಗಿ ಹೊಡೆಯೋಣ ಅಂತ ಅವರು ಸೈನಿಕರಿಗೆ ನಿಮಿಷಕ್ಕೆ 15 ಗುರಿಯಿಟ್ಟ ಗುಂಡು ಹಾರಿಸುವುದನ್ನು ಕಲಿಸಿದರು. ಆ ಮನುಷ್ಯ 1914ರ ನವೆಂಬರ್ 11ರಂದು ಬೆಲ್ಜಿಯಂನ ಈಪ್ರ ಹತ್ತಿರ ತನ್ನ ಬೆಟಾಲಿಯನ್ ಜೊತೆಯಲ್ಲೇ ಸತ್ತರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ.

ಅದೇ ತಿಂಗಳು ಫ್ರಾನ್ಸ್‌ನ ಸೇಂಟ್ ಓಮೇರ್‌ನಲ್ಲಿ ಬೇಕರ್-ಕಾರ್ ಎಂಬುವರು ಮಷಿನ್ ಗನ್ ಶಾಲೆ ತೆರೆದರು. ಇವರೂ ಹೈತ್‌ನಲ್ಲಿ ಬೋಧಕರಾಗಿದ್ದವರು, ಸೇನೆ ಬಿಟ್ಟಿದ್ದರು. ಯುದ್ಧ ಬಂದಾಗ ಸ್ವಂತ ಇಚ್ಛೆಯಿಂದ ಅಧಿಕಾರಿಗಳ ಕಾರು ಓಡಿಸಲು ಬಂದಿದ್ದರು. ಮೊದಲ ತಿಂಗಳುಗಳಲ್ಲೇ ತರಬೇತಿ ಪಡೆದ ಗನ್ನರ್‌ಗಳು ಬಹಳಷ್ಟು ಜನ ಸತ್ತು, ಗಾಯಗೊಂಡು ಹೋಗಿದ್ದರು. ಗನ್ ಇದೆ, ನಡೆಸುವವನಿಲ್ಲ ಅನ್ನುವ ಪರಿಸ್ಥಿತಿ. ಆ ಶಾಲೆ ಮುಂದೆ ವಿಸ್ಕ್‌ಗೆ, ಆಮೇಲೆ ಸಮುದ್ರದ ಕಡೆ ಕಾಮಿಯೇಗೆ ಹೋಯಿತು.

1915ರ ಮೊದಲಲ್ಲಿ ಬೆಟಾಲಿಯನ್‌ಗೆ 4 ಗನ್ ಮಾಡಿದರು. ಆದರೂ ಒಂದು ತೊಂದರೆ ಉಳಿಯಿತು. ಒಂದೊಂದು ಬೆಟಾಲಿಯನ್ ತನ್ನ ಗನ್ನನ್ನು ತನ್ನ ಮುಂದೆ ಮಾತ್ರ ಇಟ್ಟುಕೊಳ್ಳುತ್ತಿತ್ತು. ಪಕ್ಕದವರಿಗೆ ಸಹಾಯ ಆಗುವ ಹಾಗೆ ಗನ್‌ಗಳನ್ನು ಒಟ್ಟಿಗೆ ಜೋಡಿಸುವವರು ಯಾರೂ ಇಲ್ಲ. ಅದಕ್ಕೇ 1915ರ ಅಕ್ಟೋಬರ್‌ನಲ್ಲಿ ರಾಜಾಜ್ಞೆ ಹೊರಡಿಸಿ ಬೇರೆ ಪಡೆಯನ್ನೇ ಕಟ್ಟಿದರು. ತರಬೇತಿ ಕೇಂದ್ರ ಲಿಂಕನ್‌ಶೈರ್‌ನ ಗ್ರ್ಯಾಂಥಮ್ ಊರಿನ ಪಕ್ಕ, ಬೆಲ್ಟನ್ ಪಾರ್ಕ್‌ನಲ್ಲಿ.

ಸಂಘಟನೆ ಹೀಗಿತ್ತು. ಕೆಲವು ಬೆಟಾಲಿಯನ್ ಸೇರಿದರೆ ಒಂದು ಬ್ರಿಗೇಡ್. ಒಂದು ಬ್ರಿಗೇಡ್‌ಗೆ ಒಂದು ಮಷಿನ್ ಗನ್ ಕಂಪನಿ. ಕಂಪನಿಯಲ್ಲಿ 16 ವಿಕರ್ಸ್, ಅಂದರೆ ಆಗಿನ ಬ್ರಿಟಿಷ್ ಸೇನೆಯ ಭಾರದ ಮಷಿನ್ ಗನ್. ನಾಲ್ಕು ಸೆಕ್ಷನ್, ಸೆಕ್ಷನ್‌ಗೆ ನಾಲ್ಕು ಗನ್. ಡಿವಿಜನ್‌ಗೆ ಮೂರು ಬ್ರಿಗೇಡ್, ಅಂದರೆ ಮೂರು ಕಂಪನಿ. 1917ರಲ್ಲಿ ನಾಲ್ಕನೆಯದು ಸೇರಿತು. 1918ರ ಆರಂಭದಲ್ಲಿ ನಾಲ್ಕನ್ನೂ ಸೇರಿಸಿ 64 ಗನ್‌ಗಳ ಒಂದು ಬೆಟಾಲಿಯನ್ ಮಾಡಿದರು. ನಾಲ್ಕು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಕಾಲಾಳುಗಳ ಕೈಯಿಂದ ವಿಕರ್ಸ್ ಕಿತ್ತುಕೊಂಡು ಬರಿಗೈಲಿ ಬಿಡಲಿಲ್ಲ. ಅವರಿಗೆ ಲೂಯಿಸ್ ಗನ್ ಕೊಟ್ಟರು. ಸುಮಾರು 12 ಕೆಜಿ, ಗಾಳಿಯಲ್ಲೇ ತಣ್ಣಗಾಗುವಂಥದ್ದು, ಮೇಲೆ 47 ಗುಂಡಿನ ದುಂಡು ತಟ್ಟೆ. ಅದನ್ನು ಹಿಡಿದು ಮುಂದೆ ಓಡಬಹುದು. ವಿಕರ್ಸ್ ಹಾಗಲ್ಲ, ಕೂತ ಕಡೆ ಕೂತು ದೂರಕ್ಕೆ ಕೆಲಸ ಮಾಡುತ್ತದೆ.

ಬಯಲುಸೀಮೆ

ಟ್ಯಾಂಕ್ ಕೂಡ ಇದೇ ಪಡೆಯಿಂದ ಬಂದದ್ದು ಅಂತ ಎಲ್ಲೋ ಓದಿದ ನೆನಪು. ನಿಜಾನಾ ಸರ್?

ಹಳೇ ಕಾಗದ

ನಿಜ. ಈ ಪಡೆಯಲ್ಲಿ ಕಾಲಾಳು, ಕುದುರೆ, ಮೋಟಾರ್, 'ಹೆವಿ' ಅಂತ ನಾಲ್ಕು ಶಾಖೆ ಇದ್ದವು. ಮೋಟಾರ್ ಅಂದರೆ ಸೈಡ್‌ಕಾರ್ ಇರುವ ಬೈಕ್ ಮೇಲೆ ವಿಕರ್ಸ್. 'ಹೆವಿ' ಅನ್ನುವುದು ಗುಟ್ಟು ಕಾಪಾಡಲು ಇಟ್ಟ ಹೆಸರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸ್‌ನ ಸೊಮ್ ಕಾಳಗದಲ್ಲಿ ಮೊದಲ ಸಲ ಟ್ಯಾಂಕ್ ಓಡಿಸಿದ್ದು ಇವರೇ. 1917ರ ಜುಲೈಯಲ್ಲಿ ಬೇರೆ ಟ್ಯಾಂಕ್ ಪಡೆಯಾದರು.

ಲೇತ್ ಮೇಸ್ತ್ರಿ

ನಾನು ಪೀಣ್ಯದಲ್ಲಿ 22 ವರ್ಷ ಲೇತ್ ಮೇಲೆ ಕೆಲಸ ಮಾಡಿದವನು. ಯುದ್ಧದ ವಿಷಯ ಕಮ್ಮಿ ಗೊತ್ತು. ಆದರೆ ಈ ವಿಕರ್ಸ್ ಯಂತ್ರದ ಬಗ್ಗೆ ತುಂಬಾ ಓದಿದ್ದೇನೆ, ಬಿಚ್ಚಿಟ್ಟ ಒಂದನ್ನು ಹತ್ತಿರದಿಂದ ನೋಡಿಯೂ ಇದ್ದೇನೆ. ಮೇಡಂ, ನಿಮ್ಮ ತಂದೆಗೆ ಮೊದಲು ಇದನ್ನು ಹೇಳಿ: ಇದಕ್ಕೆ ನಾವು ಅಂದುಕೊಳ್ಳುವ ಟ್ರಿಗರ್ರೇ ಇಲ್ಲ. ಹಿಂದೆ ಎರಡು ಹಿಡಿ, ನಡುವೆ ಒಂದು ಗುಂಡಿ. ಎರಡೂ ಹೆಬ್ಬೆರಳಿನಿಂದ ಅದನ್ನು ಮುಂದಕ್ಕೆ ಒತ್ತಬೇಕು.

ಗುಂಡು ಹಾರಿದಾಗ ಬ್ಯಾರೆಲ್ ಸುಮಾರು ಒಂದು ಇಂಚು ಹಿಂದಕ್ಕೆ ಜಾರುತ್ತದೆ. ಆ ಜಾರುವ ಬಲದಲ್ಲೇ ಖಾಲಿ ಕೇಸ್ ಹೊರಗೆ ಬೀಳುತ್ತದೆ, ಹೊಸ ತೋಟಾ ಒಳಗೆ ಬರುತ್ತದೆ, ಬೆಲ್ಟ್ ಒಂದು ಹೆಜ್ಜೆ ಸರಿಯುತ್ತದೆ. ಬಾಯಿಯ ಹತ್ತಿರ ಒಂದು ಬಟ್ಟಲಿನಂಥ ಭಾಗ ಇದೆ, ಅದು ಹೊಗೆಯ ಒತ್ತಡ ಹಿಡಿದು ಬ್ಯಾರೆಲ್ಲನ್ನು ಇನ್ನಷ್ಟು ಹಿಂದಕ್ಕೆ ನೂಕುತ್ತದೆ. ಒಳಗೆ ನಮ್ಮ ಮೊಣಕಾಲಿನ ಹಾಗೆ ಮಡಚುವ ಕೀಲು. ಎಡಗಡೆ ಪೆಟ್ಟಿಗೆಯಲ್ಲಿ ಒಂದು ಸ್ಪ್ರಿಂಗ್, ಅದಕ್ಕೆ ಸೈಕಲ್ ಚೈನಿನಂಥ ಪುಟ್ಟ ಚೈನ್. ಎಲ್ಲವನ್ನೂ ವಾಪಸ್ ಎಳೆದು ತರುವುದು ಅದೇ. ನಿಮಿಷಕ್ಕೆ 450-500 ಸಲ ಇದೆಲ್ಲ ನಡೆಯಬೇಕು.

ಈಗ ನನಗೆ ಬಹಳ ಇಷ್ಟವಾದ ಭಾಗ. ಬ್ಯಾರೆಲ್ ಸುತ್ತ ನೀರಿನ ಕೊಳವೆ ಇದೆ, ಸುಮಾರು 4 ಲೀಟರ್ ಹಿಡಿಯುತ್ತದೆ. ಬ್ಯಾರೆಲ್ ಹಿಂದೆ ಮುಂದೆ ಓಡಾಡಬೇಕು, ಆದರೆ ನೀರು ಸೋರಬಾರದು. ಹೇಗೆ? ನಮ್ಮ ತೋಟದ ಪಂಪಿಗೆ ಗ್ಲ್ಯಾಂಡ್ ರೋಪ್ ಸುತ್ತುತ್ತೇವಲ್ಲ, ಅದೇ ಉಪಾಯ! ಎಣ್ಣೆಯಲ್ಲಿ ನೆನೆಸಿದ ಆಸ್‌ಬೆಸ್ಟಾಸ್ ದಾರವನ್ನು ಬ್ಯಾರೆಲ್ಲಿನ ಎರಡೂ ತುದಿಯಲ್ಲಿ ಸುತ್ತಬೇಕು. ಪಂಪ್ ರಿಪೇರಿ ಮಾಡಿದವರಿಗೆ ಇದರ ಕಷ್ಟ ಗೊತ್ತು. ಬಿಗಿ ಜಾಸ್ತಿಯಾದರೆ ಬ್ಯಾರೆಲ್ ಜಾರುವುದಿಲ್ಲ, ಗನ್ ನಿಲ್ಲುತ್ತದೆ. ಸಡಿಲವಾದರೆ ನೀರು ಸೋರಿ ಬ್ಯಾರೆಲ್ ಹಾಳು. ಎಷ್ಟು ಬಿಗಿ ಅನ್ನುವುದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ಗಣಿಯಿಂದ, ಗಿರಣಿಯಿಂದ ಬಂದ ಇಪ್ಪತ್ತು ವರ್ಷದ ಹುಡುಗರು ಕಂದಕದ ಕೆಸರಿನಲ್ಲಿ ಕೂತು ಇದನ್ನು ಮಾಡುತ್ತಿದ್ದರು.

ಬಿಡದೆ ಹೊಡೆದರೆ ಸುಮಾರು 600 ಗುಂಡಿಗೆ ನೀರು ಕುದಿಯುತ್ತದೆ. ಆಮೇಲೆ ಪ್ರತಿ 1,000 ಗುಂಡಿಗೆ ಮುಕ್ಕಾಲು ಲೀಟರಿಗಿಂತ ಜಾಸ್ತಿ ನೀರು ಆವಿಯಾಗುತ್ತದೆ. ಆವಿ ಮೇಲೆದ್ದರೆ ಶತ್ರುವಿಗೆ ಗನ್ ಎಲ್ಲಿದೆ ಅಂತ ಕಾಣುತ್ತದೆ. ಅದಕ್ಕೆ ಒಂದು ರಬ್ಬರ್ ಪೈಪ್ ಹಾಕಿ ನೀರಿನ ಡಬ್ಬಿಗೆ ಬಿಡುತ್ತಿದ್ದರು. ಆವಿ ಡಬ್ಬಿಯ ನೀರಲ್ಲಿ ತಣ್ಣಗಾಗಿ ಮತ್ತೆ ನೀರಾಗುತ್ತದೆ, ಅದನ್ನೇ ವಾಪಸ್ ಗನ್ನಿಗೆ ಸುರಿಯುವುದು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದ ಹಾಗೆ ಗ್ಲಿಸರಿನ್ ಬೆರೆಸುತ್ತಿದ್ದರು.

ಸುಮಾರು 10,000 ಗುಂಡಿಗೆ ಬ್ಯಾರೆಲ್ ಸವೆಯುತ್ತದೆ, ಬದಲಾಯಿಸಬೇಕು. ಪಳಗಿದವರು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದರಂತೆ. ಕೊಳವೆಯ ನೀರು ಚೆಲ್ಲದೆ ಬದಲಾಯಿಸಲು ಮರದ ಬಿರಡೆ ಕೊಡುತ್ತಿದ್ದರು.

ತೇಮ್ಸ್ ದಂಡೆ

ಲೇತ್ ಮೇಸ್ತ್ರಿ ಅಣ್ಣ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಪಂಪ್‌ಸೆಟ್ ಜೊತೆ ನಲವತ್ತು ವರ್ಷ ಒದ್ದಾಡಿದವರು ಅವರು. ಗ್ಲ್ಯಾಂಡ್ ರೋಪ್ ಅಂದ ತಕ್ಷಣ ಎದ್ದು ಕೂತರು! "ಹಾಗಾದರೆ ಅದು ಗನ್ ಅಲ್ಲ, ಇಂಜಿನ್ನು" ಅಂದರು. ಈಗ ಅವರಿಗೆ ಇನ್ನೊಂದು ಪ್ರಶ್ನೆ: ಇಷ್ಟೆಲ್ಲ ಸಾಮಾನು ಹೊರುವವರು ಯಾರು?

ಕೊಡಗಿನ ಮಂಜು

ನಾನು ಭಾರತೀಯ ಸೇನೆಯಲ್ಲಿ ಇದ್ದವನು, ಮಷಿನ್ ಗನ್ ಡಿಟ್ಯಾಚ್‌ಮೆಂಟ್‌ನಲ್ಲೇ ಬಹಳ ವರ್ಷ. ನಮ್ಮ ಕಾಲದ ಗನ್ ಬೇರೆ, ಆದರೆ ಡ್ರಿಲ್ಲಿನ ಬೇರು ಇದೇ.

ಒಂದು ವಿಕರ್ಸ್‌ಗೆ ಆರು ಜನ. ನಂಬರ್ 1 ಗನ್ ಹೊಡೆಯುವವನು. ಆದರೆ ಗನ್ ಹೊರುವವನು ಅವನಲ್ಲ! ಅವನು ಟ್ರೈಪಾಡ್, ಅಂದರೆ ಗನ್ ಕೂರಿಸುವ ಮೂರು ಕಾಲಿನ ಸ್ಟ್ಯಾಂಡ್ ಹೊರುತ್ತಾನೆ, ಸುಮಾರು 22 ಕೆಜಿ. ಯಾಕೆಂದರೆ ಜಾಗ ಆರಿಸಿ ಕಾಲು ಊರುವುದು ಅವನ ಕೆಲಸ. ನಂಬರ್ 2 ಗನ್ ಹೊರುತ್ತಾನೆ, ನೀರಿಲ್ಲದೆ 13 ಕೆಜಿ, ನೀರು ತುಂಬಿದರೆ 18. ಅವನು ಬಂದು ಗನ್ನನ್ನು ಟ್ರೈಪಾಡ್ ಮೇಲೆ ಕೂರಿಸಿ, ಬಲಗಡೆ ಮಲಗಿ ಬೆಲ್ಟ್ ಹಿಡಿಯುತ್ತಾನೆ. ನಂಬರ್ 3 ತೋಟಾ ಪೆಟ್ಟಿಗೆ ತಂದುಕೊಡುವವನು. ಒಂದು ಪೆಟ್ಟಿಗೆಯಲ್ಲಿ 250 ಗುಂಡಿನ ಒಂದು ಬೆಲ್ಟ್, ತೂಕ ಸುಮಾರು 10 ಕೆಜಿ. ಉಳಿದವರು ನೀರು, ಬಿಡಿಭಾಗ, ಇನ್ನಷ್ಟು ಪೆಟ್ಟಿಗೆ. ಮುಂದಿನವನು ಬಿದ್ದರೆ ಹಿಂದಿನವನು ಅವನ ಜಾಗಕ್ಕೆ. ಹಾಗಾಗಿ ಆರು ಜನಕ್ಕೂ ಆರು ಕೆಲಸವೂ ಬರಬೇಕು.

ರೈಫಲ್ ಹೊತ್ತು ಇದನ್ನೆಲ್ಲ ಹೊರಲು ಆಗುವುದಿಲ್ಲ. ಅದಕ್ಕೆ ನಂಬರ್ 1, ನಂಬರ್ 2 ಸೊಂಟದಲ್ಲಿ ರಿವಾಲ್ವರ್ ಇಟ್ಟುಕೊಳ್ಳುತ್ತಿದ್ದರು. ರಸ್ತೆ ಇರುವವರೆಗೆ ಹೇಸರಗತ್ತೆ ಗಾಡಿ. ಅಲ್ಲಿಂದ ಮುಂದೆ ಹೆಗಲು.

ಗನ್ ನಿಂತುಹೋದರೆ ಏನು ಮಾಡಬೇಕು ಅನ್ನುವುದು ಇನ್ನೊಂದು ದೊಡ್ಡ ಪಾಠ. ಬಲಗಡೆ ಒಂದು ಕ್ರ್ಯಾಂಕ್ ಹಿಡಿ ಇದೆ. ಗನ್ ನಿಂತಾಗ ಆ ಹಿಡಿ ನಾಲ್ಕು ಕಡೆಗಳಲ್ಲಿ ಯಾವುದೋ ಒಂದು ಕಡೆ ನಿಂತಿರುತ್ತದೆ. ಎಲ್ಲಿ ನಿಂತಿದೆ ಅನ್ನುವುದರ ಮೇಲೆ ರೋಗ ಗೊತ್ತಾಗುತ್ತದೆ. ಮೂರನೆಯ ಜಾಗದಲ್ಲಿದ್ದರೆ ಬೆಲ್ಟ್ ಸರಿಯಾಗಿ ಬರುತ್ತಿಲ್ಲ. ನಾಲ್ಕನೆಯದು, ಅಂದರೆ ಹಿಡಿ ಪೂರ್ತಿ ತನ್ನ ಜಾಗಕ್ಕೆ ಬಂದೂ ಗುಂಡು ಹಾರದಿದ್ದರೆ, ತೋಟಾ ಕೆಟ್ಟದ್ದು ಅಥವಾ ಪಿನ್ ಮುರಿದದ್ದು. ಒಂದೊಂದು ಜಾಗಕ್ಕೂ ಒಂದೊಂದು ಮದ್ದು, ಯೋಚನೆ ಮಾಡುವ ಮುಂಚೆ ಕೈ ಅದನ್ನು ಮಾಡಿರಬೇಕು. ನಮ್ಮಲ್ಲಿ ಇದಕ್ಕೆ ಹಿಂದಿಯಲ್ಲಿ 'ಫೌರಿ ಇಲಾಜ್' ಅನ್ನುತ್ತಿದ್ದರು, ತಕ್ಷಣದ ಮದ್ದು ಅಂತ. ಬ್ರಿಟಿಷರ ಕಾಲದಿಂದ ಬಂದ ಮಾತಿನ ನೇರ ಹಿಂದಿ.

ಗ್ರ್ಯಾಂಥಮ್‌ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಿದ್ದರು. ನಾವೂ ಅದನ್ನು ಮಾಡಿದ್ದೇವೆ. ಮೊದಲ ವಾರ ಸುಮ್ನೆ ಹಿಂಸೆ ಅನ್ನಿಸುತ್ತದೆ. ಒಂದು ರಾತ್ರಿ ಮಳೆಯಲ್ಲಿ, ಟಾರ್ಚ್ ಹಾಕುವ ಹಾಗಿಲ್ಲ, ಗನ್ ನಿಂತಿತು. ನನ್ನ ಕೈ ತಾನೇ ಹೋಗಿ ಹಿಡಿ ಹುಡುಕಿತು. ಆಗ ಉಸ್ತಾದರ ಮೇಲೆ ಬಂದ ಗೌರವ ಇನ್ನೂ ಇದೆ.

ಬಯಲುಸೀಮೆ

ಬೆಲ್ಟ್ ಬಟ್ಟೆಯದ್ದು ಅಲ್ವಾ? ನೆನೆದರೆ?

ಕೊಡಗಿನ ಮಂಜು

ಅದೇ ದೊಡ್ಡ ತಲೆನೋವು. ನೆನೆದರೆ ಬಿಗಿಯಾಗುತ್ತದೆ, ತೋಟಾ ಹೊರಗೆ ಬರುವುದಿಲ್ಲ. ಹಳೆಯದಾದರೆ ಸಡಿಲ, ತೋಟಾ ಓರೆಯಾಗುತ್ತದೆ. ಒಂದು ತೋಟಾ ಸ್ವಲ್ಪ ಮುಂದೆ ಬಂದಿದ್ದರೂ ಗನ್ ನಿಂತಿತು. ಬೆಲ್ಟ್ ತುಂಬಲು ಕೈಯಿಂದ ತಿರುಗಿಸುವ ಸಣ್ಣ ಯಂತ್ರ ಇತ್ತು. ಅದಿಲ್ಲದ ಕಡೆ ಬೆರಳಿನಿಂದಲೇ ಒಂದೊಂದಾಗಿ 250. ನಂಬರ್ 2 ಬೆಲ್ಟನ್ನು ಮಟ್ಟಸವಾಗಿ ಹಿಡಿಯುವುದೂ ಒಂದು ವಿದ್ಯೆ.

ಲೆಕ್ಕದ ಪುಸ್ತಕ

ಇಲ್ಲಿಯವರೆಗೆ ಯಾರೂ ಗಣಿತದ ಮಾತೆತ್ತಿಲ್ಲ. ನಾನು ಹೈಸ್ಕೂಲ್ ಗಣಿತ ಮೇಷ್ಟ್ರು, ನನಗೆ ಈ ಪಡೆ ಇಷ್ಟವಾಗಿದ್ದೇ ಅದಕ್ಕೆ.

ಒಂದು ಗುರಿಗೆ ನೂರು ಗುಂಡು ಹೊಡೆದರೆ ಎಲ್ಲವೂ ಒಂದೇ ಕಡೆ ಬೀಳುವುದಿಲ್ಲ. ಹೊಲಕ್ಕೆ ಪೈಪಿನಲ್ಲಿ ನೀರು ಹಾರಿಸಿದಾಗ ಹೇಗೆ ಉದ್ದಕ್ಕೆ ಹರಡಿ ಬೀಳುತ್ತದೋ ಹಾಗೆ, ಅಗಲ ಕಮ್ಮಿ, ಉದ್ದ ಜಾಸ್ತಿ. ಎದುರಿನಿಂದ ಸಾಲಾಗಿ ಬರುವವರ ಮೇಲೆ ನೇರ ಹೊಡೆದರೆ ಆ ಉದ್ದ ವ್ಯರ್ಥ. ಅದೇ ಪಕ್ಕದಿಂದ, ಸಾಲಿನ ಉದ್ದಕ್ಕೂ ಹೊಡೆದರೆ ಪೂರ್ತಿ ಸಾಲು ಆ ಪಟ್ಟಿಯೊಳಗೆ. ಆದ್ದರಿಂದ ಗನ್ನನ್ನು ತನ್ನ ಮುಂದೆ ಅಲ್ಲ, ಪಕ್ಕದವರ ಮುಂದೆ ಹೊಡೆಯುವ ಹಾಗೆ ಇಡಬೇಕು. ಹಳೇ ಕಾಗದ ಸರ್ ಹೇಳಿದ ಹಾಗೆ ಎಲ್ಲ ಗನ್ ಒಬ್ಬರ ಕೈಯಲ್ಲಿದ್ದರೆ ಮಾತ್ರ ಇದು ಸಾಧ್ಯ. ಬೇರೆ ಪಡೆ ಯಾಕೆ ಅನ್ನುವುದಕ್ಕೆ ನನ್ನ ಉತ್ತರ ಇದೇ.

ಅಡ್ಡಕ್ಕೆ ಸರಿಸಿ ಹೊಡೆಯುವುದಕ್ಕೂ ಲೆಕ್ಕ. ಗನ್ನನ್ನು ಪೈಪಿನ ಹಾಗೆ ಆಡಿಸಬಾರದು. ಒಂದು ಸಲ ಹೊಡೆದು, ಹಿಡಿಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಬೇಕು. ಗನ್ ಒಂದು ಅಳತೆ ಸರಿಯುತ್ತದೆ. ಮತ್ತೆ ಹೊಡೆತ, ಮತ್ತೆ ತಟ್ಟು. ಎಷ್ಟು ಜೋರಾಗಿ ತಟ್ಟಬೇಕು ಅನ್ನುವುದನ್ನೇ ದಿನಗಟ್ಟಲೆ ಅಭ್ಯಾಸ ಮಾಡಿಸುತ್ತಿದ್ದರು.

1916ರ ಹೊತ್ತಿಗೆ ಕಣ್ಣಿಗೆ ಕಾಣದ ಗುರಿಗೂ ಹೊಡೆಯಲು ಶುರು ಮಾಡಿದರು. ನಕ್ಷೆಯಲ್ಲಿ ದೂರ ಅಳೆದು, ಎತ್ತರದ ವ್ಯತ್ಯಾಸ ನೋಡಿ, ಕೋಷ್ಟಕದಿಂದ ಕೋನ ತೆಗೆದು, ಆ ಕೋನವನ್ನು ಗನ್ನಿಗೆ ಕೊಡುವುದು. ತಮ್ಮದೇ ಸೈನಿಕರ ತಲೆಯ ಮೇಲಿಂದ ಗುಂಡು ಹೋಗಬೇಕು. ಸವೆದ ಬ್ಯಾರೆಲ್ಲಿನ ಗುಂಡು ಮುಂಚೆಯೇ ಬೀಳುತ್ತದೆ, ಅಂದರೆ ತಮ್ಮವರ ಮೇಲೇ. ಹಾಗಾಗಿ ಯಾವ ಬ್ಯಾರೆಲ್ ಎಷ್ಟು ಗುಂಡು ಹೊಡೆದಿದೆ ಅಂತ ಲೆಕ್ಕ ಇಡಬೇಕು. ದೂರ ಅಳೆಯಲು ಗ್ಲಾಸ್ಗೋದ ಬಾರ್ ಆಂಡ್ ಸ್ಟ್ರೌಡ್ ಕಂಪನಿಯ ಉಪಕರಣ ಇತ್ತು. ಹಗಲಲ್ಲೇ ಮುಂದಿನ ಮರ, ಗೋಡೆ, ದಾರಿಯ ತಿರುವು ಎಲ್ಲದರ ದೂರ ಅಳೆದು ಕಾರ್ಡಿನ ಮೇಲೆ ಬರೆದಿಡುತ್ತಿದ್ದರು, ರಾತ್ರಿ ಬೇಕಾಗುತ್ತದೆ ಅಂತ.

ಹಳೇ ಕಾಗದ

ಮೇಷ್ಟ್ರೇ, ಹೈ ವುಡ್ ಅನ್ನುವ ಕಾಡಿನ ಕಥೆ ನಿಮಗೆ ಗೊತ್ತಿರಬೇಕು. ಸೊಮ್‌ನಲ್ಲಿ 1916ರ ಆಗಸ್ಟ್ 24. 100ನೇ ಮಷಿನ್ ಗನ್ ಕಂಪನಿಯ 10 ಗನ್, 12 ಗಂಟೆ, ಹತ್ತಿರ ಹತ್ತಿರ 10 ಲಕ್ಷ ಗುಂಡು. ಕಾಡಿನ ಹಿಂದೆ ಜರ್ಮನ್ನರು ಮರುದಾಳಿಗೆ ಸೇರದ ಹಾಗೆ ಆ ನೆಲದ ಮೇಲೆ ಬಿಡದೆ ಗುಂಡು ಸುರಿಸುವುದು ಕೆಲಸ. ಎರಡು ಕಂಪನಿ ಕಾಲಾಳುಗಳು ಬರೀ ತೋಟಾ ಮತ್ತು ನೀರು ಹೊತ್ತರು. ಕುಡಿಯುವ ನೀರು ಮುಗಿದ ಮೇಲೆ ಮೂತ್ರದ ತೊಟ್ಟಿಯನ್ನೂ ಗನ್ನಿಗೆ ಸುರಿದರಂತೆ. ಜಾಸ್ತಿ ಹೊಡೆದ ತಂಡಕ್ಕೆ ತಲಾ 5 ಫ್ರಾಂಕ್ ಬಹುಮಾನ ಇಟ್ಟಿದ್ದರು. ಒಂದು ಗನ್ 1,20,000 ದಾಟಿತು. ಆದರೆ ಇದೆಲ್ಲ ಆ ಕಂಪನಿಯನ್ನು ನಡೆಸಿದ ಅಧಿಕಾರಿ ಆಮೇಲೆ ಬರೆದ ಮಾತು. ಇತ್ತೀಚೆಗೆ ಹುಡುಕಿದ ಕೆಲವರು ಇದನ್ನು ಪೂರ್ತಿ ನಂಬುವುದಿಲ್ಲ.

ಲೆಕ್ಕದ ಪುಸ್ತಕ

ನಾನು ಹಾಳೆ ತೆಗೆದುಕೊಂಡು ಕೂತು ನೋಡಿದೆ. 10 ಗನ್, 12 ಗಂಟೆ ಅಂದರೆ 120 ಗನ್-ಗಂಟೆ. 10 ಲಕ್ಷ ಭಾಗಿಸಿದರೆ ಗನ್ನಿಗೆ ಗಂಟೆಗೆ ಸುಮಾರು 8,300. ನಿಮಿಷಕ್ಕೆ 140ರ ಹತ್ತಿರ, ಅಂದರೆ ಎರಡು ನಿಮಿಷಕ್ಕೆ ಒಂದು ಬೆಲ್ಟಿಗಿಂತ ಸ್ವಲ್ಪ ಜಾಸ್ತಿ. ಬ್ಯಾರೆಲ್ 10,000ಕ್ಕೆ ಒಂದರಂತೆ 100 ಬೇಕು. ಅಧಿಕಾರಿ ಹೇಳಿದ್ದೂ 100. ಗನ್ನಿಗೆ ಇದು ಆಗದ ಕೆಲಸ ಅಲ್ಲ.

ಕಷ್ಟ ಇರುವುದು ಬೆನ್ನಿಗೆ. ಒಂದು ತೋಟಾ ಸುಮಾರು 25 ಗ್ರಾಂ. 10 ಲಕ್ಷಕ್ಕೆ 25 ಟನ್. ಒಬ್ಬ 20 ಕೆಜಿ ಹೊತ್ತರೆ 1,250 ಸಲ. ಎರಡು ಕಂಪನಿಯಲ್ಲಿ 400 ಜನ ಅಂತ ಇಟ್ಟುಕೊಂಡರೂ ಒಬ್ಬೊಬ್ಬರಿಗೆ ಮೂರು ಸಲಕ್ಕಿಂತ ಜಾಸ್ತಿ, ಶೆಲ್ ಬೀಳುವ ಕಂದಕದಲ್ಲಿ, ನೀರು ಬೇರೆ. 4,000 ಬೆಲ್ಟ್ ತುಂಬಬೇಕು. ಸಂಖ್ಯೆ ನಿಜವೋ ಅಲ್ಲವೋ, ಅದರ ಅರ್ಧವೇ ಇರಲಿ, ಆ ಹೊತ್ತವರನ್ನು ನೆನೆಸಿಕೊಂಡರೆ ನನಗೆ ಬಾಯಿ ಕಟ್ಟುತ್ತದೆ.

ಬಯಲುಸೀಮೆ

ಒಂದು ಮಾತು ಹೇಳಲೇಬೇಕು, ಯಾರೂ ತಪ್ಪು ತಿಳಿಯಬೇಡಿ. ನಾವು ಗ್ಲ್ಯಾಂಡ್ ರೋಪ್, ಕೋನ ಅಂತ ಮಾತಾಡುತ್ತಿದ್ದೇವೆ. ಆ ಗುಂಡು ಬಿದ್ದ ಕಡೆ ಇದ್ದವರೂ ಯಾರೋ ಮನೆಯ ಮಕ್ಕಳು. ಆ ಸ್ಮಾರಕದ ಕೆಳಗಿನ ಸಾಲು ಓದಿದರೆ ಮೈ ಜುಮ್ ಅನ್ನುತ್ತದೆ. ಹತ್ತು ಸಾವಿರಗಟ್ಟಲೆ ಕೊಂದ ಅನ್ನುವುದನ್ನು ಹೊಗಳಿಕೆಯಾಗಿ ಕೆತ್ತುವುದಾ? 1898ರಲ್ಲಿ ಸುಡಾನ್‌ನ ಓಮ್ಡರ್ಮನ್‌ನಲ್ಲಿ ಈಟಿ ಹಿಡಿದು ಬಂದವರ ಮೇಲೆ ಇದೇ ಜಾತಿಯ ಮ್ಯಾಕ್ಸಿಮ್ ಗನ್ ತಿರುಗಿಸಿದ್ದರು. ವಸಾಹತುಗಳ ಜನರ ಮೇಲೆ ಬಳಸುವಾಗ ಬೇಕಾಗಿದ್ದ ಗನ್, ತಮ್ಮ ಸೈನ್ಯಕ್ಕೆ ಎರಡೇ ಸಾಕು ಅನ್ನಿಸಿದ್ದು ಯಾಕೆ?

ಹಳೇ ಕಾಗದ

ತಪ್ಪು ಯಾಕೆ ತಿಳಿಯಲಿ, ಇದನ್ನು ಕೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ. ನನಗೆ ಅನ್ನಿಸುವುದು ಹೀಗೆ. ಓಮ್ಡರ್ಮನ್ ನೋಡಿದವರು ಇದು 'ಕಾಡುಜನರ' ಮೇಲೆ ಬಳಸುವ ಸಾಮಾನು ಅಂದುಕೊಂಡರು. ಯುರೋಪಿನವರ ನಡುವೆ ಯುದ್ಧವನ್ನು ಧೈರ್ಯ, ರೈಫಲ್, ಕುದುರೆ ಗೆಲ್ಲಿಸುತ್ತದೆ ಅಂತ ನಂಬಿದರು. ಆ ನಂಬಿಕೆಗೆ ಬೆಲೆ ತೆತ್ತದ್ದು 1916ರ ಜುಲೈ 1. ಆ ಒಂದೇ ದಿನ ಸೊಮ್‌ನಲ್ಲಿ ಬ್ರಿಟಿಷರ ಕಡೆ 57,470 ಜನ ಗಾಯಗೊಂಡು, ಸತ್ತು, ಕಾಣೆಯಾದರು. ಸತ್ತವರೇ 19,240. ಬಹಳಷ್ಟು ಜನರನ್ನು ಬೀಳಿಸಿದ್ದು ಜರ್ಮನ್ ಮಷಿನ್ ಗನ್.

ಗನ್ನಿನ ಹಿಂದೆ ಕೂತವರೂ ಸುಖವಾಗಿರಲಿಲ್ಲ. ಗನ್ ಸದ್ದು ಮಾಡಿದ ಕ್ಷಣದಿಂದ ಶತ್ರುವಿನ ಎಲ್ಲ ಶೆಲ್ ಅದರ ಕಡೆಗೆ. ಈ ಪಡೆಯಲ್ಲಿ ಒಟ್ಟು 1,70,500 ಜನ ಕೆಲಸ ಮಾಡಿದರು. 62,049 ಜನಕ್ಕೆ ಪೆಟ್ಟಾಯಿತು, ಅದರಲ್ಲಿ 12,498 ಜನ ಸತ್ತರು. ಅವರಿಗೆ 'ಆತ್ಮಹತ್ಯೆ ಕ್ಲಬ್' ಅಂತ ಅಡ್ಡಹೆಸರು ಇತ್ತು. 1917ರ ಏಪ್ರಿಲ್ 11ರಂದು ಆರಾಸ್ ಹತ್ತಿರ ಮೊನ್‌ಶಿ ಎಂಬ ಹಳ್ಳಿಯಲ್ಲಿ ಹೆರಾಲ್ಡ್ ಮಗ್‌ಫರ್ಡ್ ಎಂಬ ಲ್ಯಾನ್ಸ್ ಕಾರ್ಪೊರಲ್ ಬಯಲಲ್ಲೇ ಗನ್ ಇಟ್ಟು ಹೊಡೆದ. ಅವನ ನಂಬರ್ 2 ಸತ್ತ. ಅವನಿಗೂ ಜೋರು ಗಾಯ. ಹಿಂದೆ ಹೋಗಿ ಪಟ್ಟಿ ಕಟ್ಟಿಸಿಕೋ ಅಂದರೆ ಗನ್ ಬಿಟ್ಟು ಹೋಗಲಿಲ್ಲ. ಇನ್ನೊಂದು ಶೆಲ್ ಬಂದು ಎರಡೂ ಕಾಲು ಮುರಿಯಿತು. ನನ್ನನ್ನು ಬಿಟ್ಟು ನೀವು ಮರೆಗೆ ಹೋಗಿ ಅಂತ ಜೊತೆಯವರಿಗೆ ಹೇಳಿದ. ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು, ಎರಡೂ ಕಾಲು ಹೋದವು, 1958ರವರೆಗೆ ಬದುಕಿದ್ದ.

ಸ್ಮಾರಕದ ಸಾಲಿನ ಬಗ್ಗೆ ನಿಮ್ಮ ಮಾತು ನನಗೂ ಒಪ್ಪಿಗೆ. 1925ರಲ್ಲಿ ಅದನ್ನು ಕೆತ್ತಿದವರು ಏನು ಯೋಚಿಸಿದರೋ, ನನಗೆ ಅದು ಚುಚ್ಚುತ್ತದೆ.

ಹೊನ್ನಾವರದ ಅಲೆ

ಮಧ್ಯೆ ಬಂದೆ, ಕ್ಷಮಿಸಿ. ಗ್ರ್ಯಾಂಥಮ್ ಅಂದಾಗ ಒಂದು ನೆನಪಾಯಿತು. ಬ್ರಿಟನ್‌ನಲ್ಲಿ ಬಂಧಿಸುವ ಪೂರ್ತಿ ಅಧಿಕಾರ ಇದ್ದ ಮೊದಲ ಮಹಿಳಾ ಪೊಲೀಸ್ ಈಡಿತ್ ಸ್ಮಿತ್ ಕೆಲಸ ಮಾಡಿದ್ದು ಅದೇ ಊರಲ್ಲಿ, 1915ರಲ್ಲಿ. ಪಕ್ಕದಲ್ಲಿ ದೊಡ್ಡ ಸೈನ್ಯದ ಶಿಬಿರ ಬಂದು ಊರು ಸೈನಿಕರಿಂದ ತುಂಬಿದ್ದೇ ಅದಕ್ಕೆ ಕಾರಣ.

ಇನ್ನೊಂದು ಪ್ರಶ್ನೆ. ನನ್ನ ಗೆಳತಿ ಇಂಗ್ಲಿಷಿನವಳು, ಅವಳ ಮುತ್ತಜ್ಜ ಈ ಪಡೆಯಲ್ಲಿದ್ದರಂತೆ. ದಾಖಲೆ ಹುಡುಕಿದರೆ ಏನೂ ಸಿಗುತ್ತಿಲ್ಲ.

ಹಳೇ ಕಾಗದ

ಬಹಳ ಜನರ ಗೋಳು ಇದು. ಈ ಪಡೆಯ ಮುಖ್ಯ ಕಚೇರಿ ಶಾರ್ನ್‌ಕ್ಲಿಫ್‌ನಲ್ಲಿತ್ತು, 1920ರಲ್ಲಿ ಬೆಂಕಿ ಬಿದ್ದು ಕಾಗದ ಸುಟ್ಟವು. 1922ರಲ್ಲಿ ಪಡೆಯನ್ನೇ ಮುಚ್ಚಿದರು. ಸೈನಿಕರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ 1940ರಲ್ಲಿ ಲಂಡನ್ ಮೇಲೆ ಬಾಂಬ್ ಬಿದ್ದಾಗ ಹೋದವು. ಗೆಳತಿಗೆ ಹೇಳಿ: ಪದಕದ ಕಾರ್ಡ್ ನೋಡಲಿ. ಇವರಲ್ಲಿ ತುಂಬಾ ಜನ ಮೊದಲು ಬೇರೆ ರೆಜಿಮೆಂಟಿನಲ್ಲಿದ್ದು ಆಮೇಲೆ ಬಂದವರು, ಬಂದಾಗ ಹೊಸ ನಂಬರ್ ಕೊಡುತ್ತಿದ್ದರು. ಕಾರ್ಡಿನಲ್ಲಿ ಎರಡೂ ನಂಬರ್ ಇರಬಹುದು. ಹಳೇ ರೆಜಿಮೆಂಟ್ ಹೆಸರಿನಲ್ಲಿ ಹುಡುಕಿದರೆ ದಾರಿ ಸಿಗಬಹುದು. ಕಂಪನಿ ನಂಬರ್ ಗೊತ್ತಾದರೆ ಆ ಕಂಪನಿಯ ಯುದ್ಧ ದಿನಚರಿ ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲೆ ಕೇಂದ್ರದಲ್ಲಿ ಸಿಗುವ ಸಾಧ್ಯತೆ ಇದೆ. ಹಳೇ ಪತ್ರಗಳಲ್ಲಿ 'ಎಮ್ಮಾ ಜೀ' ಅಂತ ಕಂಡರೆ ಗಾಬರಿ ಬೇಡ, ಯಾವ ಹುಡುಗಿಯೂ ಅಲ್ಲ. ಸಿಗ್ನಲ್‌ನವರು ಎಮ್ ಅಕ್ಷರಕ್ಕೆ 'ಎಮ್ಮಾ' ಅನ್ನುತ್ತಿದ್ದರು. ಎಮ್ ಜಿ, ಅಷ್ಟೇ.

ಕೊಡಗಿನ ಮಂಜು

ನಮ್ಮ ಕಡೆಯ ಎರಡು ಕೊಂಡಿ ಹೇಳುತ್ತೇನೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾದಲ್ಲಿ ಜೋಧಪುರ ಲ್ಯಾನ್ಸರ್ಸ್ ಕುದುರೆ ಮೇಲೆ ಊರೊಳಗೆ ನುಗ್ಗಿದಾಗ, ಅವರಿಗೆ ಫೈರ್ ಕವರ್ ಕೊಟ್ಟು ಆಮೇಲೆ ತಾವೂ ಹಿಂದೆಯೇ ನುಗ್ಗಿದವರು ಮೈಸೂರು ಲ್ಯಾನ್ಸರ್ಸ್. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿ ಹಿಡಿಯಲು ಹತ್ತಿದ್ದೂ ಮೈಸೂರಿನವರೇ. ಅವತ್ತು ಸಿಕ್ಕಿದ್ದು 1,350 ಕೈದಿಗಳು, 17 ಫಿರಂಗಿ, 11 ಮಷಿನ್ ಗನ್. ಬೆಂಗಳೂರಿನ ಜೆ.ಸಿ. ನಗರದ ಕಡೆ ಹೋದರೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ನೋಡಿ.

ಎರಡನೆಯದು ಮಹಾರ್ ರೆಜಿಮೆಂಟ್. 1941ರ ಅಕ್ಟೋಬರ್‌ನಲ್ಲಿ ಅದರ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. 1946ರಲ್ಲಿ ಅದನ್ನು ಮಷಿನ್ ಗನ್ ರೆಜಿಮೆಂಟ್ ಮಾಡಿದರು. ಅವರ ಬ್ಯಾಡ್ಜ್ ಗಮನಿಸಿ: ಅಡ್ಡಡ್ಡ ಇಟ್ಟ ಎರಡು ವಿಕರ್ಸ್ ಗನ್. ಗ್ರ್ಯಾಂಥಮ್‌ನ ಹುಡುಗರ ಟೋಪಿಯ ಮೇಲೂ ಅಡ್ಡಡ್ಡ ಎರಡು ವಿಕರ್ಸ್, ಮೇಲೊಂದು ಕಿರೀಟ. ಇವರದರಲ್ಲಿ ಕಿರೀಟದ ಬದಲು ಕೋರೆಗಾಂವ್ ಕಂಬ ಇತ್ತು, ಆಮೇಲೆ ಕಠಾರಿ ಬಂತು. ಗನ್ ಮಾತ್ರ ಉಳಿಯಿತು.

ಲೇತ್ ಮೇಸ್ತ್ರಿ

ಬ್ರಿಟಿಷ್ ಸೇನೆ ವಿಕರ್ಸ್ ಬಿಟ್ಟದ್ದು 1968ರಲ್ಲಿ. ತೆಗೆದುಕೊಂಡದ್ದು 1912ರಲ್ಲಿ. 56 ವರ್ಷ! ಎರಡನೇ ಯುದ್ಧದಲ್ಲಿ ಮಿಡ್ಲ್‌ಸೆಕ್ಸ್, ಚೆಷೈರ್, ಮ್ಯಾಂಚೆಸ್ಟರ್ ರೆಜಿಮೆಂಟುಗಳ ಬೆಟಾಲಿಯನ್‌ಗಳಿಗೆ ಇದೇ ಗನ್, ಹೆಚ್ಚುಕಮ್ಮಿ ಇದೇ ಡ್ರಿಲ್ಲು. ಲೇತ್ ಮೇಲೆ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಒಂದು ವಿನ್ಯಾಸ ಅಷ್ಟು ವರ್ಷ ನಿಲ್ಲುವುದು ಸಣ್ಣ ಮಾತಲ್ಲ.

ತೇಮ್ಸ್ ದಂಡೆ

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಇವತ್ತು ಸಂಜೆ ಅಪ್ಪನನ್ನು ಮತ್ತೆ ಅಲ್ಲಿಗೆ ಕರೆದುಕೊಂಡು ಹೋದೆ. ಈ ಸಲ ಅವರು ದಾವೀದನ ಕಡೆ ನೋಡಲೇ ಇಲ್ಲ. ನೇರ ಕಂಚಿನ ಗನ್ನಿನ ಹತ್ತಿರ ಹೋದರು. ಹಾರದ ಎಲೆಗಳ ಸಂದಿಯಲ್ಲಿ ಬಗ್ಗಿ, "ನೀರು ತುಂಬುವ ಕೊಳವೆ ಇದೇ ಇರಬೇಕು" ಅಂದರು. ಬಲಗಡೆ ಕ್ರ್ಯಾಂಕ್ ಹಿಡಿ ಹುಡುಕಿದರು. ಆಮೇಲೆ ಬಯಲುಸೀಮೆಯವರ ಮಾತು ನೆನಪಾಗಿ ಆ ಕೆತ್ತಿದ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಬಸ್ಸಿನಲ್ಲಿ ವಾಪಸ್ ಬರುವಾಗ ಕೇಳಿದರು, ಆ ಟ್ರೈಪಾಡ್ ಹೊತ್ತವನು ಎಷ್ಟು ವಯಸ್ಸಿನವನಿರಬಹುದು ಅಂತ.